ಇಪ್ಪತ್ತನೆಯ ಹೆಸರು

ನಮ್ಮ ಶಾಲೆಯ ಲ್ಯಾಪ್‌ಟಾಪಿಗೆ ಒಂದು ಕೆಟ್ಟ ಚಾಳಿ. ಒಮ್ಮೆ ನಿದ್ದೆಗೆ ಜಾರಿತೆಂದರೆ ಆಮೇಲೆ ಪರದೆ ಏಳುತ್ತದೆ, ವೈಫೈ ಏಳುವುದಿಲ್ಲ. ಪೂರ್ತಿ ಆರಿಸಿ ಮತ್ತೆ ಶುರು ಮಾಡಬೇಕು. ಹತ್ತಿರದ ಐರೋಲಿಯಲ್ಲಿ ಕೆಲಸ ಮಾಡುವ ಹಳೆ ವಿದ್ಯಾರ್ಥಿ ರಿತೇಶ್ ತಾನು ಬಳಸಿ ಬಿಟ್ಟದ್ದನ್ನು ಕೊಟ್ಟಿದ್ದ. ದಾನದ ಹಸುವಿನ ಹಲ್ಲು ಎಣಿಸಬಾರದೆಂದು ಇಟ್ಟುಕೊಂಡಿದ್ದೆ.

ಹೊರನಾಡಿನ ಡೊಂಬಿವಲಿಯ ಈ ಕನ್ನಡ ಶಾಲೆಗೆ ನಾನು ಟೀಚರಾಗಿ ಬಂದು ಇಪ್ಪತ್ತಾರು ವರ್ಷ. ಈ ಸಲ ಒಂದನೇ ತರಗತಿಗೆ ಇಪ್ಪತ್ತು ಮಕ್ಕಳ ಹೆಸರನ್ನು ಶುಕ್ರವಾರ ಸಂಜೆ ಐದರೊಳಗೆ ಸರಕಾರದ ವೆಬ್‌ಸೈಟಿನಲ್ಲಿ ತುಂಬದಿದ್ದರೆ ತರಗತಿ ಬಂದ್. ಹತ್ತೊಂಬತ್ತು ತುಂಬಿದ್ದೆ. ಇಪ್ಪತ್ತು ಆಗದೆ ಫಾರ್ಮ್ ಸೇವ್ ಆಗುವುದಿಲ್ಲ. ಲ್ಯಾಪ್‌ಟಾಪ್ ತೂಕಡಿಸದಂತೆ ಆಗಾಗ ಒಂದು ಕೀ ಒತ್ತುತ್ತಾ ಕೂತಿದ್ದೆ.

ನಾಲ್ಕಕ್ಕೆ ಈರವ್ವ ಮೊಮ್ಮಗಳು ಪೂನಂಳ ಕೈ ಹಿಡಿದು ಗೇಟಿನ ಹತ್ತಿರ ಬಂದು ನಿಂತಳು. ಮೂರು ವಾರದಿಂದ ಅವರ ಮನೆಗೆ ಅಲೆದು ನನ್ನ ಚಪ್ಪಲಿ ಸವೆದಿತ್ತು. ಎದ್ದು ಓಡಿದೆ.

"ಮಗಾ ಇಂಗ್ಲಿಷ್ ಸಾಲೀನ ಬೇಕಂತಾನ್ರಿ ಅಕ್ಕೋರೆ. ನಾ ಬಿಡಲಿಲ್ಲ. ಮನ್ಯಾಗ ನನ್ನ ಜೋಡಿ ಮಾತಾಡಾಕ ಒಂದ್ ಕೂಸರ ಬೇಕಲ್ರಿ."

ಕಾಗದಪತ್ರ ಇಸಿದುಕೊಂಡು ಒಳಗೆ ಬಂದೆ. ಮೇಜಿನ ಮೇಲೆ ಲ್ಯಾಪ್‌ಟಾಪ್ ಮುಚ್ಚಿತ್ತು.

"ಇದನ್ನು ಯಾರು ಮುಚ್ಚಿದ್ದು ಮಾರಾಯ?"

"ನಾನ್ರಿ," ಎಂದ ಜವಾನ ಅಂಬಾರಾಯ. "ಪುಸ್ತಕ ತೆರದಿಟ್ಟು ಏಳಬಾರದು, ಸರಸ್ವತಿ ಎದ್ದು ಹೋಗ್ತಾಳ ಅಂತ ನೀವೇ ಹೇಳ್ತೀರಲ್ರಿ."

ಹೌದು, ನಾನೇ ಹೇಳಿದ್ದು. ಇಪ್ಪತ್ತಾರು ವರ್ಷ, ಪ್ರತಿ ತರಗತಿಗೂ. ನಾನು ಎದ್ದ ಕೂಡಲೇ ಹಾಜರಿ ಪುಸ್ತಕ ಮುಚ್ಚಿಡುವುದು ಅವನಿಗೆ ರೂಢಿ.

ಲ್ಯಾಪ್‌ಟಾಪ್ ತೆರೆದೆ. ಹತ್ತೊಂಬತ್ತು ಹೆಸರೂ ಇದ್ದವು, ವೈಫೈ ಇರಲಿಲ್ಲ. ಪೂನಂಳ ಹೆಸರು ತುಂಬಿ ಒತ್ತಿದರೆ ಹೋಗಲೊಲ್ಲದು. ಮೊಬೈಲಿನ ನೆಟ್ ಕೊಟ್ಟು ನೋಡಿದೆ, ಅದೂ ಅದರ ಕಣ್ಣಿಗೆ ಕಾಣಲಿಲ್ಲ. ಮೊಬೈಲಿನಲ್ಲಿ ಆ ಫಾರ್ಮ್ ತೆರೆಯುವುದೇ ಇಲ್ಲ. ಆರಿಸಿದರೆ ತುಂಬಿದ್ದೆಲ್ಲ ಅಳಿದುಹೋಗುತ್ತದೆ. ಒಂದೊಂದು ಮಗುವಿಗೂ ಮೂವತ್ತು ಖಾನೆ. ಅತ್ತ ದರಿ, ಇತ್ತ ಪುಲಿ. ರಿತೇಶ್‌ಗೆ ಫೋನ್ ಮಾಡಿದೆ.

"ಟೀಚರ್, ರೀಸ್ಟಾರ್ಟ್ ಹೀ ಕರ್‌ನಾ ಪಡೇಗಾ," ಎಂದ. ಆರಿಸಿ ಮತ್ತೆ ಶುರು ಮಾಡಲೇಬೇಕಂತೆ, ಅದೂ ಹಿಂದಿಯಲ್ಲಿ. ನಾನೇ ಅ ಆ ಇ ಈ ತಿದ್ದಿಸಿದ ಹುಡುಗ.

ನಾಲ್ಕೂ ಇಪ್ಪತ್ತಕ್ಕೆ ಆರಿಸಿದೆ. ಅಪ್‌ಡೇಟ್ ಶುರುವಾಯಿತು. ಶೇಕಡಾ ಹನ್ನೆರಡು, ಆಫ್ ಮಾಡಬೇಡಿ ಎಂಬ ತಾಕೀತು ಬೇರೆ. ನಾನೂ ಅಂಬಾರಾಯನೂ ಆ ಅಂಕಿಯನ್ನೇ ನೋಡುತ್ತಾ ಕೂತೆವು. ಐದು ಹೊಡೆದಾಗ ಅದು ಶೇಕಡಾ ಎಂಬತ್ತು. ನನಗೆ ಅಳು ಬಂತು. ಅವನು ನೀರು ತಂದಿಟ್ಟ.

"ನನ್ನಿಂದ ಏನರ ತಪ್ಪಾತೇನ್ರಿ ಅಕ್ಕೋರೆ?"

"ಇಲ್ಲ ಮಾರಾಯ," ಎಂದೆ. ಅವನು ನಂಬಲಿಲ್ಲ.

ಸೋಮವಾರ ಪೂನಂ ಹೊಸ ಚೀಲ ಹಾಕಿಕೊಂಡು ನೇರ ಮೇಜಿನ ಹತ್ತಿರ ಬಂದಳು.

"ಟೀಚರ್, ಮೇರಾ ನಾಮ್ ಲಿಖಾ ಕ್ಯಾ?"

ಹಾಜರಿ ಪುಸ್ತಕ ತೆರೆದು ಇಪ್ಪತ್ತನೆಯ ಸಾಲಿನಲ್ಲಿ ಅವಳ ಹೆಸರು ಬರೆದು ತೋರಿಸಿದೆ. ಅವಳು ಅದರ ಮೇಲೆ ಬೆರಳಿಟ್ಟು ನಕ್ಕಳು. ಹೊರಗೆ ನಿಂತಿದ್ದ ಈರವ್ವನಿಗೆ ತರಗತಿ ಬಂದ್ ಆದ ನಿಜ ಹೇಳಬೇಕಿತ್ತು. ಎದ್ದೆ.

ಪುಸ್ತಕ ತೆರೆದೇ ಇತ್ತು. ಅಂಬಾರಾಯ ಅದರ ಹತ್ತಿರ ಬಂದ, ನೋಡಿದ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.