ಇದೆ ಅಂದ ಮೀಲ್ ಪ್ಲಾನ್

ರೆಸಾರ್ಟಿನ ರೂಮಿಂದ ಹೇಮಶ್ರೀ ರಾತ್ರಿಯೂಟಕ್ಕೆ ಟೇಬಲ್ ಹೇಳಲು ಫೋನ್ ಮಾಡಿದಾಗ ಆ ಕಡೆಯ ಹುಡುಗಿ ಮೊದಲು ಕೇಳಿದ್ದೇ, "ಮೀಲ್ ಪ್ಲಾನ್ ತಗೊಂಡಿದೀರಾ ಮೇಡಂ?" ಎಂದು. ರೂಮಿನ ಜೊತೆಗೇ ಊಟಕ್ಕೂ ಕಟ್ಟಿದ್ದೀರಾ ಅಂತ. ಅವಳು ಕಟ್ಟಿರಲಿಲ್ಲ. ಇಲ್ಲ ಅಂದರೆ ಎಲ್ಲಿ ಜಾಗವನ್ನೇ ಕೊಡುವುದಿಲ್ಲವೋ ಎಂದು ಹೆದರಿ, "ಹೂಂ, ಇದೆ" ಅಂದುಬಿಟ್ಟಳು.

"ಹಾಗಾದ್ರೆ ಏಳೂವರೆಗೆ ಕೆಳಗಿನ ಬಫೆಗೆ ಬನ್ನಿ."

ಮಗಳು ಅನಘಾಗೆ ಒಂಬತ್ತು ವರ್ಷ. ಸಕ್ಕರೆ ಕಾಯಿಲೆ ಅಂಟಿಕೊಂಡು ಎರಡು ವರ್ಷವಾಗಿತ್ತು. ಊಟಕ್ಕೆ ಹತ್ತು ನಿಮಿಷ ಮೊದಲು ಇನ್ಸುಲಿನ್ ಚುಚ್ಚಬೇಕು. ಚುಚ್ಚಿದ ಮೇಲೆ ಊಟ ತಪ್ಪುವ ಹಾಗಿಲ್ಲ; ತಪ್ಪಿದರೆ ರಕ್ತದಲ್ಲಿನ ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿಳಿದು ಮಗು ಕುಸಿಯುತ್ತದೆ. ಬಸವೇಶ್ವರನಗರದ ಮನೆಯಲ್ಲಿ ಗಡಿಯಾರ ನೋಡಿಯೇ ತಟ್ಟೆ ಹಾಕುವ ಹೇಮಶ್ರೀ, ಕೆಂಗೇರಿ ದಾಟಿ ಈ ಥೀಮ್ ಪಾರ್ಕಿಗೆ ಬಂದದ್ದು ಮಗುವಿನ ಹಠಕ್ಕೆ. ಏಳೂ ಇಪ್ಪತ್ತಕ್ಕೆ ಸೂಜಿ ಚುಚ್ಚಿ, ಅವಳ ಕೈಹಿಡಿದು ಇಳಿದಳು.

ಬಾಗಿಲಲ್ಲಿದ್ದ ಮೇಲ್ವಿಚಾರಕ ಗಿರಿರಾಜ್, ತಾಯಿ-ಮಗಳ ಕೈಗೆ ರೆಸಾರ್ಟಿನವರು ಕಟ್ಟಿದ್ದ ಪಟ್ಟಿ ಸ್ಕ್ಯಾನ್ ಮಾಡಿ ತಲೆಯಾಡಿಸಿದ. "ಪ್ಲಾನ್ ಇಲ್ವಲ್ಲ ಮೇಡಂ."

"ದುಡ್ಡು ಈಗಲೇ ಕೊಡ್ತೀನಿ ಸಾರ್."

"ದುಡ್ಡಿನ ಮಾತಲ್ಲ. ಇಲ್ಲಿ ಪ್ಲಾನ್ ಇರೋರ ತಲೆ ಎಣಿಸಿ ಅಡುಗೆ ಮಾಡ್ತಾರೆ, ಕುರ್ಚಿನೂ ಅಷ್ಟೇ. ಮಿಕ್ಕೋರು ಮೇಲಿನ ಹೋಟೆಲಲ್ಲಿ ಆರ್ಡರ್ ಕೊಟ್ಟು ತಿನ್ನೋದು. ಯಾರನ್ನ ಎಲ್ಲಿ ಕೂರಿಸ್ಬೇಕು ಅಂತ ತಿಳೀಲಿ ಅಂತಲೇ ಫೋನಲ್ಲಿ ಕೇಳೋದು. ಇಲ್ಲ ಅಂದಿದ್ರೆ ಅಲ್ಲೇ ಟೇಬಲ್ ಇಟ್ಟಿರ್ತಿದ್ರು. ಈಗ ಅಲ್ಲಿ ಮುಕ್ಕಾಲು ಗಂಟೆ ಕಾಯ್ಬೇಕಾಗುತ್ತೆ."

ಹೇಮಶ್ರೀ ಗ್ಲೂಕೋಸಿಗಾಗಿ ಬ್ಯಾಗಿಗೆ ಕೈಹಾಕಿ ತಡಕಿದಳು. ಸಕ್ಕರೆ ನೋಡುವ ಮೀಟರ್ ಸಿಕ್ಕಿತು, ಗ್ಲೂಕೋಸ್ ಇರಲಿಲ್ಲ. ಅದು ಹಗಲೆಲ್ಲ ನೀರಲ್ಲಿ ಆಡಿದ ಒದ್ದೆ ಬಟ್ಟೆಯ ಚೀಲದಲ್ಲಿ, ರೂಮಿನಲ್ಲಿ.

"ಅಮ್ಮಾ, ಕಾಲು ನಡುಗ್ತಾ ಇದೆ," ಅಂದಳು ಅನಘಾ. ಹಣೆಯೆಲ್ಲ ಬೆವರು.

"ಸುಳ್ಳು ಹೇಳಿದ್ದು ನಾನು ಸಾರ್!" ಹೇಮಶ್ರೀ ಕಿರುಚಿಯೇಬಿಟ್ಟಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಇವಳಿಗೆ ಇನ್ಸುಲಿನ್ ಕೊಟ್ಟಾಗಿದೆ. ನನ್ನ ಹೊರಗೇ ನಿಲ್ಸಿ. ಇವಳಿಗೊಂದು ಹಿಡಿ ಅನ್ನ ಹಾಕಿ, ನಿಮ್ಮ ದಮ್ಮಯ್ಯ!"

ಗಿರಿರಾಜ್ ಒಳಗೆ ಓಡಿದ. ಮೊದಲು ಕಿತ್ತಳೆ ರಸ ತಂದು ಕುಡಿಸಿದ. ಅಡುಗೆಮನೆ ಪಕ್ಕದ ಮೆಟ್ಟಿಲ ಮೇಲೆ ಮಗುವನ್ನು ಕೂರಿಸಿ ಹೇಮಶ್ರೀ ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ ಐವತ್ತೆಂಟು. ಅಷ್ಟರಲ್ಲಿ ಅವನು ಸಿಬ್ಬಂದಿಗೆಂದು ಮಾಡಿದ್ದ ಅನ್ನ ಸಾರು ಹಾಕಿಸಿಕೊಂಡು ಬಂದ. ಹೇಮಶ್ರೀ ಕಲಸಿ ತುತ್ತು ಮಾಡಿದಳು. ಅರ್ಧ ಅನ್ನ ಕೆಳಗೇ ಬಿತ್ತು.

ಕಾಲು ಗಂಟೆಯ ಮೇಲೆ ತೊಂಬತ್ತಾರು.

"ಮಗು ವಿಷಯ ಫೋನಲ್ಲೇ ಹೇಳಿದ್ರೆ ಸಾಕಿತ್ತಲ್ಲ ಮೇಡಂ," ಅಂದ ಗಿರಿರಾಜ್, ಮೆಲ್ಲಗೆ.

ಹೇಮಶ್ರೀ ಕೆಳಗೆ ಬಿದ್ದ ಅನ್ನವನ್ನು ಬಾಚತೊಡಗಿದಳು. ಅನಘಾ ಸಾರಿನೊಳಗಿನ ಬದನೆಕಾಯಿ ಹೋಳನ್ನು ತಟ್ಟೆಯಂಚಿಗೆ ತಳ್ಳುತ್ತಿದ್ದಳು.