ಬೂಟಿನೊಳಗಿನ ಗಂಟು

ಬ್ಯಾಂಕಿನ ಗುಮಾಸ್ತ ಶಶಿಕಾಂತ ಎರಡು ವರ್ಷ ಕುಂಟುತ್ತಲೇ ಮೊಣಕಾಲಿಗೆ ಎಣ್ಣೆ ತಿಕ್ಕಿದ. ಜಮಖಂಡಿಯ ಡಾಕ್ಟರು ಮಾತ್ರ ಮೊಣಕಾಲು ಮುಟ್ಟುವ ಮೊದಲೇ ಬೂಟು ಬಿಚ್ಚಿಸಿದರು. ಚೂಪು ಬೂಟಿನೊಳಗೆ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ವಾಲಿ, ಅದರ ಬುಡದಲ್ಲಿ ಬೋರೆಹಣ್ಣಿನಷ್ಟು ಗಂಟು ಎದ್ದಿತ್ತು. ಬೆರಳು ವಾಲಿದ್ದಕ್ಕೆ ಪಾದ ಒಳಗೆ ಕುಸಿದಿದೆ, ಅದರಿಂದ ಮೊಣಕಾಲೂ ಒಳಗೆ ತಿರುಗಿದೆ ಎಂದರು.

ಈ ಹೊಸ ವಿಜ್ಞಾನವನ್ನು ಅವನು ಹುನ್ನೂರಿಗೆ ಹೋಗಿ, ಕುರಿ ಕಾಯುವ ಅಣ್ಣ ಹಾಲಸಿದ್ದಪ್ಪನಿಗೆ ಬಿಡಿಸಿ ಹೇಳಿದ.

"ಕುರಿ ಕುಂಟಿದ್ರ ನಾವೂ ಮೊದಲ ಗೊರಸ ನೋಡ್ತೀವಿ," ಎಂದ ಹಾಲಸಿದ್ದಪ್ಪ.

ಶಶಿಕಾಂತನಿಗೆ ಸಿಟ್ಟು ಬಂತು. "ಮತ್ತ ಎರಡ ವರ್ಷ ನಾ ಕುಂಟೂದ ನೋಡಿ ಯಾಕ ಸುಮ್ಮನಿದ್ದಿ ಅಣ್ಣಾ?"

ಹಾಲಸಿದ್ದಪ್ಪ ತಮ್ಮನ ಕಾಲನ್ನು ಒಮ್ಮೆ ನೋಡಿದ.

"ಕುರಿ ಬೂಟ ಹಾಕ್ಕೊಂಡ ಬರೂದಿಲ್ಲೋ ತಮ್ಮಾ."