ಎಲ್ಲರಿಗೂ ‘ಅವರು’

ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಡಿ.ಟಿ.ಪಿ. ಅಂಗಡಿಯಲ್ಲಿ ಹಾಲೇಶಪ್ಪ ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ನಿವೃತ್ತರಾದ ಮೇಲೆ ಎರಡು ವರ್ಷ ಅಲೆದು ಬರೆದ ತಮ್ಮೂರಿನ ಚರಿತ್ರೆ. ಪ್ರೂಫು ನೋಡುತ್ತಿದ್ದುದು ಮೂರನೇ ಸಲ. ಮುಗಿದರೆ ಸಾಕಾಗಿತ್ತು.

“ಸಾರ್, ಒಂದು ಪುಟದಾಗೆ ‘ಹರಿಜನರು’ ಅಂತ ಐತೆ, ಇನ್ನೊಂದ್ರಾಗೆ ‘ಕೇರಿಯವರು’, ಆಮೇಲೆ ‘ಕೆಳವರ್ಗದವರು’. ಯಾವ್ದು ಇಡಲಿ?” ಟೈಪು ಮಾಡುವ ಶೈಲಜಾ ಕೇಳಿದರು.

“ಯಾವ್ದೋ ಒಂದು ಇಡಮ್ಮ. ಎಲ್ಲಾ ಒಂದೇ.”

“ಇದೂ ಒಂದೇನಾ? ‘ಶಾನುಭೋಗರು ಲೆಕ್ಕ ಬರೆಯುತ್ತಿದ್ದರು. ಸೂಲಗಿತ್ತಿ ಮುದ್ದಿ ಹೆರಿಗೆ ಮಾಡಿಸುತ್ತಿದ್ದಳು.’ ಶಾನುಭೋಗರಿಗೆ ‘ದ್ದರು’, ಸೂಲಗಿತ್ತಿಗೆ ‘ದ್ದಳು’. ಏನಂತ ಬರೀಬೇಕು ಅಂತ ಆ ಅಮ್ಮನ್ನ ಒಂದು ಮಾತು ಕೇಳಿದ್ರಾ ಸಾರ್?”

ಮೇಷ್ಟ್ರು ಕೇಳಿರಲಿಲ್ಲ. ಮುದ್ದಕ್ಕನ ಬಗ್ಗೆ ಬೇರೆಯವರಿಂದ ಕೇಳಿ ಬರೆದಿದ್ದರು.

ಮರುದಿನ ಬೆಳಿಗ್ಗೆ ಊರಿನಲ್ಲಿ ಅವರ ಮನೆಗೆ ಹೋದರು. ಎಂಬತ್ತು ದಾಟಿದ ಮುದ್ದಕ್ಕ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು.

“ನಿಮ್ಮೋರನ್ನ ಪುಸ್ತಕದಾಗೆ ಏನಂತ ಬರೀಲಿ?”

ಮುದ್ದಕ್ಕ ಕೈ ನಿಲ್ಲಿಸಲಿಲ್ಲ. “ಒಬ್ರು ಬಂದು ಹರಿಜನ ಅಂದ್ರು, ಇನ್ನೊಬ್ರು ಎಸ್ಸಿ ಅಂದ್ರು. ಕೇಳಿ ಕೇಳಿ ಸಾಕಾಗೈತೆ ಮೇಷ್ಟ್ರೇ. ನಾವು ಮಾದಿಗ್ರು. ಅದು ನಮ್ಮ ಹೆಸ್ರು. ಅದನ್ನ ಬೈಗುಳ ಮಾಡಿದ್ದು ನೀವು.” ಇನ್ನೊಂದು ಕಾಯಿ ಸುಲಿದು ಅಂದರು: “ನಿಮ್ಮ ಎಲ್ಡು ಹೆಣ್ಣುಮಕ್ಕಳನ್ನೂ ಈ ಕೈಯಾಗೇ ಹಿಡಿದೀನಿ. ಮುದ್ದಿ ಅಂತ ಕೂಗಬ್ಯಾಡ್ರಿ ಅಂತ ಆವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ.”

ಮೇಷ್ಟ್ರು ಮೊದಲ ಸಲ ಆ ಮನೆಯ ಕಟ್ಟೆಯ ಮೇಲೆ ಕೂತು ಪೆನ್ನು ತೆಗೆದರು. “ನೀವು ಹೇಳ್ರಿ ಮುದ್ದಕ್ಕ, ಬರ್ಕೊಂತೀನಿ.”

ಮತ್ತೆರಡು ದಿನ ಶೈಲಜಾ ಜೊತೆ ಕೂತು ಪುಟ ಪುಟವನ್ನೂ ತಿದ್ದಿಸಿದರು. ಪುಸ್ತಕ ಅಚ್ಚು ಹಾಕಿಸುತ್ತಿದ್ದ ಊರ ಸಮಿತಿಯ ಅಧ್ಯಕ್ಷ ಮುರುಗೇಂದ್ರಪ್ಪ ಬಂದು ನೋಡಿದವರೇ ಹುಬ್ಬು ಗಂಟಿಕ್ಕಿದರು.

“ಇದೇನ್ರಿ, ಎಲ್ಲಾರಿಗೂ ‘ಅವರು’ ಹಾಕೀರಿ? ಊರಾಗೆ ನಗ್ತಾರೆ. ಹಿಂದಿನಿಂದ ಹೆಂಗೆ ಬಂದೈತೋ ಹಂಗೇ ಇರ್ಲಿ, ಈ ‘ಅವರು’ ತೆಗೀರಿ.”

ವಾದ ಮಾಡುವ ಶಕ್ತಿ ಮೇಷ್ಟ್ರಲ್ಲಿ ಉಳಿದಿರಲಿಲ್ಲ. “ತೆಗೀತೀನಿ. ಆದ್ರೆ ತೆಗೆದ್ರೆ ಎಲ್ಲಾರಿಗೂ ತೆಗೀಬೇಕು. ಪುಸ್ತಕದಾಗಿರೋ ನಿಮ್ಮ ತಂದೆಯವರಿಂದ್ಲೇ ಶುರು ಮಾಡ್ಲಾ?”

ಶೈಲಜಾ ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದರು. ಮುರುಗೇಂದ್ರಪ್ಪ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು.

“ಇರ್ಲಿ ಬಿಡ್ರಿ,” ಎಂದು ಹಾಳೆಗಳನ್ನು ಮೇಜಿನ ಮೇಲಿಟ್ಟು ಹೊರಟರು.

“ಪ್ರಿಂಟಿಗೆ ಕೊಡಮ್ಮ,” ಎಂದರು ಮೇಷ್ಟ್ರು.